40 ಅಡಿಯ ಗುರುತು

ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ಕೃಷ್ಣೆಯ ನೀರನ್ನು ಅಡಿಗಳಲ್ಲಿ ಅಳೆಯುತ್ತಾರೆ. 40 ಅಡಿ ಮುಟ್ಟಿದರೆ ಎಚ್ಚರಿಕೆ, 45 ಮುಟ್ಟಿದರೆ ಅಪಾಯ. ಮಳೆಗಾಲದಲ್ಲಿ ಊರಿನವರು ಬೆಳಗಿನ ಚಹಾಕ್ಕೂ ಮೊದಲು ಕೇಳುವ ಸುದ್ದಿ ಇದೇ: ಎಷ್ಟಾಯಿತು? 2019ರ ಆಗಸ್ಟಿನಲ್ಲಿಯೂ ಕೇಳಿದರು. ಆದರೆ ಕೇಳಿದವರಲ್ಲಿ ಬಹಳ ಮಂದಿ ಮನೆ ಬಿಡಲಿಲ್ಲ. 2005ರ ಮಹಾಪೂರ ಎಲ್ಲಿಯವರೆಗೆ ಬಂದಿತ್ತೋ ಆ ಗೆರೆ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅದಕ್ಕಿಂತ ಮೇಲೆ ನೀರು ಬರಲಾರದೆಂದು ನಂಬಿ, ಸಾಮಾನು ಸರಂಜಾಮನ್ನು ಆ ಗೆರೆಯಿಂದ ಒಂದು ಮೊಳ ಎತ್ತರಕ್ಕೆ ಏರಿಸಿ ಕುಳಿತರು. ಆ ಸಲ ನೀರು 57 ಅಡಿ ದಾಟಿತು.

ಹಳೆಯ ಗೆರೆಯನ್ನು ನಂಬಿ ಕೂರುವ ಈ ಅಭ್ಯಾಸ ನಮಗೆ ನದಿಯ ವಿಷಯದಲ್ಲಿ ಮಾತ್ರ ಇದ್ದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಸಾಂಗ್ಲಿ, ಮಿರಜ ಮತ್ತು ಅವುಗಳನ್ನು ನೆಚ್ಚಿಕೊಂಡ ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ಏರಿಕೆಯ ಲಕ್ಷಣಗಳನ್ನು ಕಾಣುವವರು ಕಾಣಬಹುದು. ಎಚ್‌ಐವಿ ಇರುವವರ ಮೈಯಲ್ಲಿ ಕ್ಷಯ ತಲೆಯೆತ್ತುವುದನ್ನು ಅಳೆದು ದಿನಾ ಬೆಳಿಗ್ಗೆ ಊರಿಗೆ ಸಾರುವ ಸೇತುವೆ ಎಲ್ಲಿಯೂ ಇಲ್ಲ. ಗುರುತುಗಳು ಸಣ್ಣವು. ಒಬ್ಬ ಹೆಂಗಸಿನ ಸಡಿಲವಾದ ಕುಪ್ಪಸ, ಒಬ್ಬ ಹುಡುಗನ ಹತ್ತು ದಿನದ ಕೆಮ್ಮು, ಗುಳಿಗೆ ಒಯ್ಯಲು ಬರಬೇಕಾದವನು ಬಾರದೆ ಹೋದ ಒಂದು ಸೋಮವಾರ.

ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಜತ್ತದ ಕಡೆ 'ಮಿರಜಕ್ಕ ಒಯ್ದಾರ' ಎಂದರೆ ಕೇಳಿದವರು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಜಡ್ಡು ದೊಡ್ಡದು ಎಂದು ತಿಳಿದುಕೊಳ್ಳುತ್ತಾರೆ. ಈ ನಂಬಿಕೆಗೆ ನೂರು ವರ್ಷ ಮೀರಿದ ಬೇರುಗಳಿವೆ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. 1920ರಲ್ಲಿ ಸಾಂಗ್ಲಿ ಮತ್ತು ಮಿರಜದ ನಡುವಿನ ಬಯಲಿನಲ್ಲಿ ಕ್ಷಯರೋಗಿಗಳಿಗಾಗಿ ಸ್ಯಾನಿಟೋರಿಯಂ ಕಟ್ಟಿಸಿದರು. ಆ ಜಾಗಕ್ಕೆ ಇಂದಿಗೂ ವಾನ್ಲೆಸವಾಡಿ ಎಂದೇ ಹೆಸರು. ಔಷಧಿ ಇಲ್ಲದ ಕಾಲ ಅದು. ಗಾಳಿ, ಬಿಸಿಲು, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಅಷ್ಟರಲ್ಲಿಯೇ ಕೆಲವರು ಗುಣವಾಗಿ ಹಳ್ಳಿಗೆ ಮರಳಿದರು, ಬಹಳ ಮಂದಿ ಮರಳಲಿಲ್ಲ. ಆಮೇಲೆ ಗುಳಿಗೆ, ಇಂಜೆಕ್ಷನ್ನು ಬಂದವು. ಮನೆಯಲ್ಲಿದ್ದುಕೊಂಡೇ ಔಷಧಿ ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಗುಣ ಕಾಣುತ್ತದೆ ಎಂದು 1959ರಲ್ಲಿ ಮದ್ರಾಸಿನ ಅಧ್ಯಯನ ತೋರಿಸಿಕೊಟ್ಟಿತು. ಒಳ್ಳೆಯ ಸುದ್ದಿಯೇ. ಆದರೆ ಹಾಸಿಗೆಗಳು ಖಾಲಿಯಾದದ್ದನ್ನು ಕಂಡವರು ರೋಗವೇ ಖಾಲಿಯಾಯಿತು ಎಂದುಕೊಂಡರು. ನಾವು ಮೈಮರೆತ ಮೊದಲ ಸಲ ಅದು.

ಎರಡನೆಯ ಸಲದ್ದು ಇನ್ನೂ ಹತ್ತಿರದ ನೆನಪು. 1986ರಲ್ಲಿ ಮದ್ರಾಸಿನಲ್ಲಿ ಎಚ್‌ಐವಿ ಪತ್ತೆಯಾದಾಗ ಅದು ಅಲ್ಲಿಯ ಮಾತು ಎಂದು ನಾವು ಪತ್ರಿಕೆ ಮಡಚಿಟ್ಟೆವು. ಹತ್ತು ವರ್ಷ ಕಳೆಯುವುದರೊಳಗೆ ಅದು ಹೆದ್ದಾರಿಯ ಲಾರಿ, ಕಬ್ಬಿನ ಗಾಡಿ, ಮುಂಬಯಿ ಪುಣೆಯ ಬಸ್ಸು ಹತ್ತಿ ನಮ್ಮ ಅಂಗಳಕ್ಕೆ ಬಂದಿತ್ತು. ಸಾಂಗ್ಲಿ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಹೆಚ್ಚು ಸೋಂಕಿನ ಪಟ್ಟಿಯಲ್ಲಿ ಕುಳಿತವು. ಸಾಂಗ್ಲಿ ಮಿರಜದ ಓಣಿಗಳಲ್ಲಿ ದಂಧೆ ಮಾಡುತ್ತಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಕನ್ನಡದವರು, ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ನಮ್ಮದೇ ಹಳ್ಳಿಗಳಿಂದ ಹೋದವರು. ಊರಿಗೆ ಹಬ್ಬಕ್ಕೆ ಬಂದಾಗ ಅವರು ಕಳಿಸಿದ ದುಡ್ಡನ್ನು ನೆನೆದವರು ಅವರ ಜ್ವರವನ್ನು ಕೇಳಲಿಲ್ಲ. 1992ರಲ್ಲಿ ಸಾಂಗ್ಲಿಯಲ್ಲಿ ಮೀನಾ ಶೇಷು ಅವರ 'ಸಂಗ್ರಾಮ' ಸಂಸ್ಥೆ ಶುರುವಾಯಿತು. ನಿರೋಧ್ ಹಂಚುವುದು, ದವಾಖಾನೆಗೆ ಜೊತೆ ಹೋಗುವುದು, ತಮ್ಮ ಮಾತನ್ನು ತಾವೇ ಆಡುವುದು, ಇವನ್ನೆಲ್ಲ ಆ ಹೆಂಗಸರೇ ಕೈಗೆತ್ತಿಕೊಂಡರು. ಅವರ ಸ್ವಂತ ಸಂಘಟನೆ 'ವ್ಯಾಂಪ್' ಹುಟ್ಟಿದ್ದು 1996ರಲ್ಲಿ. ಸಭ್ಯರು ಮುಖ ತಿರುಗಿಸಿಕೊಂಡಿದ್ದಾಗ ಎಚ್ಚರವಾಗಿದ್ದವರು ಯಾರು ಎಂದು ಮುಂದೆ ಯಾರಾದರೂ ಕೇಳಿದರೆ ಈ ಮಾತು ನೆನಪಿರಲಿ.

ಆ ವರ್ಷಗಳ ಇನ್ನೊಂದು ಸಂಗತಿ ಈಗಿನವರಿಗೆ ಗೊತ್ತಿರಲಾರದು. ಹಿಂದೆ ಹೆಣ್ಣು ಕೊಡುವ ಮನೆಯಲ್ಲಿ ಟಿ.ಬಿ. ಎಂಬ ಶಬ್ದ ಎತ್ತುವಂತಿರಲಿಲ್ಲ. ಎಚ್‌ಐವಿ ಬಂದ ಮೇಲೆ ಅದೇ ಟಿ.ಬಿ. ಮರ್ಯಾದೆಯ ಹೆಸರಾಯಿತು. 'ಏನಾಗಿತ್ರಿ?' ಎಂದರೆ 'ಟಿ.ಬಿ. ಆಗಿತ್ತು' ಎಂದು ಮನೆಯವರು ಹೇಳುತ್ತಿದ್ದರು, ಕೇಳಿದವರು ತಲೆಯಾಡಿಸುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಎಚ್‌ಐವಿ ಬಾಗಿಲು ತೆರೆದಿಟ್ಟಿತ್ತು, ಒಳಹೊಕ್ಕು ಕೊಂದದ್ದು ಹೆಚ್ಚಾಗಿ ಕ್ಷಯವೇ.

ಇದರ ಕಾರಣ ಕಠಿಣವಾದದ್ದೇನೂ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ 100ಕ್ಕೆ 31 ಮಂದಿಯ ಮೈಯಲ್ಲಿ ಕ್ಷಯದ ಸೋಂಕು ಇದೆ. ಅದು ಬೂದಿ ಮುಚ್ಚಿದ ಕೆಂಡ. ಮೈಯ ಕಾವಲು ಗಟ್ಟಿಯಾಗಿರುವವರಲ್ಲಿ 100ಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ, ಅದೂ ಇಡೀ ಆಯುಷ್ಯದಲ್ಲಿ ಯಾವಾಗಲೋ ಒಮ್ಮೆ, ಆ ಕೆಂಡ ಉರಿಯಾಗುತ್ತದೆ. ಎಚ್‌ಐವಿಗೆ ಚಿಕಿತ್ಸೆ ಪಡೆಯದವರಲ್ಲಿ ಅಷ್ಟೇ ಅಪಾಯ ವರ್ಷವರ್ಷವೂ ಎದುರಾಗುತ್ತದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಗುಳಿಗೆ ಈ ಅಪಾಯವನ್ನು ಬಹಳ ಇಳಿಸುತ್ತದೆ, ಪೂರ್ತಿ ಕಳೆಯುವುದಿಲ್ಲ.

ಆ ಗುಳಿಗೆ ಸರ್ಕಾರದಿಂದ ಪುಕ್ಕಟೆ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ಅದರಿಂದ ಬದುಕಿದವರ ಲೆಕ್ಕ ಸಣ್ಣದಲ್ಲ. ಸಾಯುವ ಸರದಿ ಕಾಯುತ್ತಿದ್ದ ತಾಯಂದಿರು ಮಕ್ಕಳ ಮದುವೆ ಮಾಡಿದ್ದಾರೆ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ 2023ರ ಅಂದಾಜಿನಲ್ಲಿ 100ಕ್ಕೆ 0.20ಕ್ಕೆ ಇಳಿದಿದೆ. ಕ್ಷಯ 2015ರಲ್ಲಿ ಲಕ್ಷಕ್ಕೆ 237 ಇದ್ದದ್ದು 2023ಕ್ಕೆ 195 ಆಗಿದೆ. ಇವೆಲ್ಲ ನಿಜವಾದ ಗಳಿಕೆ, ಇದಕ್ಕಾಗಿ ದುಡಿದವರಿಗೆ ನಮ್ಮ ನಮಸ್ಕಾರ.

ನಮ್ಮ ಕಳವಳ ಶುರುವಾಗುವುದೂ ಇಲ್ಲಿಯೇ. 100ಕ್ಕೆ 0.20 ಎಂಬ ಅಂಕಿಯನ್ನು ತಲೆಯೆಣಿಕೆಗೆ ತಿರುಗಿಸಿದರೆ ಸುಮಾರು 25 ಲಕ್ಷ ಜೀವ. ಅವರಲ್ಲಿ ಅತಿ ಹೆಚ್ಚು ಮಂದಿ ಇರುವ ಮೂರು ರಾಜ್ಯಗಳಲ್ಲಿ ಮಹಾರಾಷ್ಟ್ರ ಒಂದು, ಕರ್ನಾಟಕ ಇನ್ನೊಂದು. ನಮ್ಮ ಗಡಿ ಆ ಎರಡರ ಹೊಲಿಗೆಯ ಮೇಲೆ ಕುಳಿತಿದೆ. 2025ರೊಳಗೆ ಕ್ಷಯವನ್ನು ತೊಲಗಿಸುತ್ತೇವೆ ಎಂದು ಗೋಡೆಗಳ ಮೇಲೆ ಬರೆಸಿದ್ದೆವು. 2025 ಕಳೆಯಿತು, ಕ್ಷಯ ಕಳೆಯಲಿಲ್ಲ. ಗೋಡೆಯ ಬಣ್ಣ ಮಾಸುವ ಮೊದಲೇ ಜನರಿಗೆ ಆ ಮಾತು ಮರೆತುಹೋಗಿದೆ.

ಇನ್ನು ಆ ಸಣ್ಣ ಗುರುತುಗಳು. ಮೊದಲನೆಯದು ಕೆಮ್ಮು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಎಂದು ನಮಗೆಲ್ಲ ಬಾಯಿಪಾಠವಾಗಿದೆ. ಎಚ್‌ಐವಿ ಇರುವವರಿಗೆ ಆ ಎರಡು ವಾರದ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಕೆಮ್ಮು ಒಂದೇ ದಿನದ್ದಾದರೂ ಸಾಕು. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಈ ನಾಲ್ಕರಲ್ಲಿ ಯಾವುದೊಂದು ಕಂಡರೂ ಪರೀಕ್ಷೆ ಆಗಬೇಕು. ಗುಳಿಗೆ ಒಯ್ಯಲು ಬಂದಾಗಲೆಲ್ಲ ಈ ನಾಲ್ಕು ಪ್ರಶ್ನೆ ಕೇಳಬೇಕೆಂಬುದೇ ನಿಯಮ. ಸಾಲು ಉದ್ದವಿದ್ದ ದಿನ ನಾಲ್ಕು ಪ್ರಶ್ನೆ 'ಆರಾಮ ಇದ್ದೀರಿ?' ಎಂಬ ಒಂದೇ ಪ್ರಶ್ನೆಯಾಗುತ್ತದೆ. ನಮ್ಮ ಜನ ಆ ಪ್ರಶ್ನೆಗೆ ಸಾಯುವ ಹಿಂದಿನ ದಿನವೂ 'ಹೂಂರಿ' ಎಂದೇ ಉತ್ತರಿಸುತ್ತಾರೆ.

ಎರಡನೆಯದು 'ಕಫದಾಗ ಏನೂ ಇಲ್ಲ' ಎಂಬ ಚೀಟಿ. ಕ್ಷಯದವರ ಪುಪ್ಪುಸದಲ್ಲಿ ಗುಳಿ ಬೀಳುವುದು, ಆ ಗುಳಿಯಿಂದ ಕ್ರಿಮಿ ಕಫಕ್ಕೆ ಬರುವುದು, ಇವೆಲ್ಲ ಮೈ ರೋಗದ ಜೊತೆ ಹೋರಾಡಿದ್ದರ ಫಲ. ಕಾವಲೇ ಬಿದ್ದುಹೋದ ಮೈಯಲ್ಲಿ ಹೋರಾಟ ನಡೆಯುವುದಿಲ್ಲ, ಗುಳಿಯೂ ಬೀಳುವುದಿಲ್ಲ. ಆದ್ದರಿಂದ ಸೂಕ್ಷ್ಮದರ್ಶಕದಡಿ ಕಫ ಸ್ವಚ್ಛವಾಗಿ ಕಾಣುತ್ತದೆ, ಎಕ್ಸ್‌ರೇ ಕೂಡ ಕೆಲವೊಮ್ಮೆ ಸುಮ್ಮನಿರುತ್ತದೆ. ರೋಗ ಕತ್ತಿನ ಗಂಟಿನಲ್ಲಿ, ಹೊಟ್ಟೆಯಲ್ಲಿ, ಮಿದುಳಿನ ಪೊರೆಯಲ್ಲಿ ಕುಳಿತಿರಬಹುದು. ಕಾಯಿಲೆ ಹೆಚ್ಚಾದಷ್ಟೂ ಪರೀಕ್ಷೆಯಲ್ಲಿ ಕಡಿಮೆ ಕಾಣುವ ವಿಚಿತ್ರ ಇದು. ಇದಕ್ಕಾಗಿಯೇ ಸಿಬಿನ್ಯಾಟ್ ಯಂತ್ರ ಬಂದಿದೆ, ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗ ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ತೀರಾ ಸೊರಗಿದವರಿಗೆ ಮೂತ್ರದಿಂದಲೇ ಕ್ಷಯ ಪತ್ತೆಹಚ್ಚುವ ಪಟ್ಟಿಯೂ ಇದೆ. ಹಳೆಯ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಊರಿಗೆ ಮರಳಿದವನಿಗೆ ಇವುಗಳ ಹೆಸರನ್ನು ಯಾರಾದರೂ ಹೇಳಿದ್ದಾರೆಯೇ ಎಂಬುದು ನಮ್ಮ ಪ್ರಶ್ನೆ.

ಮೂರನೆಯದು ಒಂದು ಸಂಜೆಯ ಗುಳಿಗೆ. ಎಚ್‌ಐವಿಗೆ ಈಗ ಕೊಡುವ ಮುಖ್ಯ ಔಷಧಿ ಡೊಲುಟೆಗ್ರಾವಿರ್, ದಿನಕ್ಕೆ ಒಂದು ಸಲ. ಕ್ಷಯದ ರಿಫಾಂಪಿಸಿನ್ ಶುರುವಾದೊಡನೆ ಯಕೃತ್ತು ಈ ಔಷಧಿಯನ್ನು ಬೇಗಬೇಗ ಕರಗಿಸಿ ಹೊರಹಾಕತೊಡಗುತ್ತದೆ. ಆಗ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಗುಳಿಗೆ ತೆಗೆದುಕೊಳ್ಳಲೇಬೇಕು. ಆದರೆ ರೋಗಿ ಎಚ್‌ಐವಿ ಮಾತನ್ನು ಮುಚ್ಚಿಟ್ಟು ಕ್ಷಯಕ್ಕೆ ಮಾತ್ರ ಖಾಸಗಿ ಡಾಕ್ಟರರ ಹತ್ತಿರ ಹೋಗಿದ್ದರೆ? ಡಾಕ್ಟರು ಕೇಳಲಿಲ್ಲ, ಇವನು ಹೇಳಲಿಲ್ಲ. ಕೆಮ್ಮು ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಒಳಗೆ ಅರೆಬರೆ ಔಷಧಿಗೆ ಪಳಗಿದ ವೈರಸ್ಸು ಮೇಲೇಳುತ್ತಿರುತ್ತದೆ.

ಇಲ್ಲಿ ರೋಗಿಯನ್ನು ಬೈಯುವುದು ಸುಲಭ. ಅಥಣಿಯವನು ತನ್ನ ಊರಿನ ಹತ್ತಿರದ ಕೇಂದ್ರ ಬಿಟ್ಟು ಗಡಿ ದಾಟಿ ಗುಳಿಗೆ ತರುವುದು, ಮಿರಜದವನು ಇತ್ತ ಬರುವುದು, ಇವು ಗುರುತಿನವರ ಕಣ್ಣು ತಪ್ಪಿಸಲು. ಅವನನ್ನು ಅಷ್ಟು ದೂರ ಓಡಿಸಿದವರು ನಾವು. ಎಚ್‌ಐವಿ ಇರುವವರ ಗುಟ್ಟನ್ನು ಕಾಪಾಡಬೇಕು, ಚಿಕಿತ್ಸೆ ನಿರಾಕರಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ. ಅದು ಜಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ. ಚಹಾದಂಗಡಿಯ ಪಿಸುಮಾತಿಗೆ ಯಾವ ಕಾಯ್ದೆಯೂ ತಾಕುವುದಿಲ್ಲ.

ನಾಲ್ಕನೆಯದು ಋತುವಿನ ಗುರುತು. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡವನು ತಾರೀಖು ನೋಡಿ ದವಾಖಾನೆಗೆ ಬರಲಾರ. ನಸುಕಿನಲ್ಲಿ ಫಡಕ್ಕೆ ಇಳಿದವಳು ಕಾರ್ಖಾನೆಗೆ ಗಾಡಿ ಹೊರಟ ಮೇಲೆಯೇ ಕೂರುವುದು. ಗುಡಿಸಲಲ್ಲಿ ಹೊಗೆ, ಒತ್ತೊತ್ತಾಗಿ ಮಲಗುವುದು, ಒಬ್ಬರ ಉಸಿರು ಇನ್ನೊಬ್ಬರಿಗೆ. ಕ್ಷಯಕ್ಕೆ ಇನ್ನೇನು ಬೇಕು? ಕ್ಷಯರೋಗಿಯ ಹೆಸರು ಒಮ್ಮೆ ಸರ್ಕಾರದ ನಿಕ್ಷಯ್ ದಾಖಲೆಗೆ ಏರಿದರೆ ದೇಶದ ಯಾವ ಮೂಲೆಯಲ್ಲಿಯೂ ಚಿಕಿತ್ಸೆ ಮುಂದುವರಿಸಬಹುದು, ಎ.ಆರ್.ಟಿ. ಗುಳಿಗೆಯನ್ನೂ ಬೇರೆ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಇದನ್ನು ಗ್ಯಾಂಗು ಹೊರಡುವ ಮೊದಲು ಹೇಳಬೇಕು, ಮಾರ್ಚಿನಲ್ಲಿ ಎಲುಬಿನ ಹಂದರವಾಗಿ ಮರಳಿದ ಮೇಲೆ ಹೇಳಿ ಫಲವಿಲ್ಲ.

ಹುಟ್ಟುವಾಗಲೇ ಸೋಂಕು ಪಡೆದು, ಎರಡು ದಶಕ ಗುಳಿಗೆ ನುಂಗಿ ಬೆಳೆದ ಹುಡುಗ ಹುಡುಗಿಯರ ಮಾತೂ ಇದೆ. ಹಾಸ್ಟೆಲ್ಲಿಗೆ ಹೋದಾಗ, ಮದುವೆ ಮಾತು ಬಂದಾಗ, ಅಥವಾ ಬರೀ ಬೇಸರಕ್ಕೆ, ಅವರು ಡಬ್ಬಿ ಮುಚ್ಚಿಡುತ್ತಾರೆ. ಸಾಕಿದ ಅಜ್ಜಿಗೆ ಈಗ ಡಬ್ಬಿಯೊಳಗೆ ಎಣಿಸುವಷ್ಟು ಕಣ್ಣು ಕಾಣುವುದಿಲ್ಲ.

ಇಂಥ ಗುರುತು ಕಂಡವರು ದವಾಖಾನೆಗೆ ಹೋಗುತ್ತಾರೆಯೇ? ನಮ್ಮ ತುಮಕೂರು ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ದವಾಖಾನೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನೋಡಿದರೆ ಕ್ಷಯ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ದವಾಖಾನೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕದ್ದು ಕೆಮ್ಮಿನ ಔಷಧಿಯ ಬಾಟಲಿ. ಅರವತ್ತು ವರ್ಷದ ನಂತರದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಮುಖ ತೋರಿಸಿತು. ಲಕ್ಷಣ ಇದ್ದವರಲ್ಲಿ 100ಕ್ಕೆ 64 ಮಂದಿ ಎಲ್ಲಿಯೂ ಹೋಗಿರಲಿಲ್ಲ. ಕಾರಣ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: ಅಷ್ಟೇನೂ ಲಕ್ಷ್ಯ ಕೊಡಲಿಲ್ಲ. ಅಂದು ಬಾಗಿಲಲ್ಲಿ ಕುಳಿತವರು ಕೈಬಿಟ್ಟರು, ಇಂದು ಬಹಳ ಮಂದಿ ಬಾಗಿಲಿಗೇ ಬರುತ್ತಿಲ್ಲ.

ಎರಡು ರೋಗದವನಿಗೆ ಬಾಗಿಲೂ ಎರಡು. ಕ್ಷಯಕ್ಕೊಂದು ಕೋಣೆ, ಎಚ್‌ಐವಿಗೊಂದು ಕೋಣೆ, ಎರಡು ಕಾರ್ಡು, ಎರಡು ತಾರೀಖು, ಗಡಿಯಲ್ಲಾದರೆ ಎರಡು ರಾಜ್ಯ, ಎರಡು ಭಾಷೆ. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗೆ ಅವನು ನಡುವಿನ ಹಾದಿಯಲ್ಲಿ ಕಳೆದುಹೋಗುತ್ತಾನೆ. ಕಾಗದದ ಮೇಲೆ ಎರಡೂ ಕಾರ್ಯಕ್ರಮಗಳು ಕೈ ಹಿಡಿದು ನಡೆಯುತ್ತಿವೆ. ಕನ್ನಡ ಮಾತ್ರ ಬರುವ ಮುದುಕಿಗೆ ಮರಾಠಿ ಚೀಟಿ ಓದಿ ಹೇಳುವವರು ಆ ಕಾಗದದಲ್ಲಿಲ್ಲ.

ಇನ್ನು ಔಷಧಿಯ ಕಣಜ. 2022ರ ಬೇಸಿಗೆ ಮಳೆಗಾಲದಲ್ಲಿ ಎಚ್‌ಐವಿ ಗುಳಿಗೆ ಸಾಲದೆ ರೋಗಿಗಳೇ ದಿಲ್ಲಿಯಲ್ಲಿ ಧರಣಿ ಕುಳಿತರು. 2024ರ ಮಾರ್ಚಿನಲ್ಲಿ ಕ್ಷಯದ ಗುಳಿಗೆ ಸಾಲದೆ, ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರವು ರಾಜ್ಯಗಳಿಗೆ ಬರೆಯಿತು. ಎರಡೂ ಸಲ ಮುಂದೆ ಸರಿಹೋಯಿತು. ಸರಿಹೋದದ್ದೇ ನಮಗೆ ಮರೆಯಲು ನೆಪವಾಯಿತು.

ಹೀಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ದಕ್ಷಿಣ ಆಫ್ರಿಕದ ಕ್ವಾಜುಲು ನಟಾಲ್ ಪ್ರಾಂತದಲ್ಲಿ ಟುಗೆಲಾ ಫೆರಿ ಎಂಬ ಸಣ್ಣ ಊರು. ಅಲ್ಲಿಯೂ ಮಿಶನರಿಗಳು ಕಟ್ಟಿದ ಆಸ್ಪತ್ರೆ, ಅಲ್ಲಿಯೂ ಎಚ್‌ಐವಿ ಗುಳಿಗೆ ಬಂದು ಜನ ಚೇತರಿಸಿಕೊಳ್ಳುತ್ತಿದ್ದ ಕಾಲ. 2005 ಮತ್ತು 2006ರಲ್ಲಿ ಬಹುತೇಕ ಯಾವ ಔಷಧಿಗೂ ಬಗ್ಗದ ಕ್ಷಯ 53 ಮಂದಿಯಲ್ಲಿ ಸಿಕ್ಕಿತು. ಎಚ್‌ಐವಿ ಪರೀಕ್ಷೆಯಾದ 44 ಮಂದಿಗೂ ಎಚ್‌ಐವಿ ಇತ್ತು. 53ರಲ್ಲಿ 52 ಮಂದಿ ತೀರಿಕೊಂಡರು, ಅವರಲ್ಲಿ ಅರ್ಧದಷ್ಟು ಮಂದಿ ರೋಗ ಪತ್ತೆಯಾದ 16 ದಿನಗಳ ಆಸುಪಾಸಿನಲ್ಲಿ. ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಮೊದಲು ಕ್ಷಯದ ಔಷಧಿಯನ್ನೇ ಮುಟ್ಟಿದವರಲ್ಲ. ಅಂದರೆ ರೋಗ ಒಬ್ಬರಿಂದ ಒಬ್ಬರಿಗೆ ಹಬ್ಬಿತ್ತು, ಬಹುಪಾಲು ಆಸ್ಪತ್ರೆಯ ಗಾಳಿಯಲ್ಲಿಯೇ.

ನಮ್ಮ ಗುಳಿಗೆ ಕೇಂದ್ರಗಳ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂದು ಒಮ್ಮೆ ನೋಡಿ. ಕೆಮ್ಮುವವನನ್ನು ಎಬ್ಬಿಸಿ ಬಯಲಿಗೆ, ಸಾಲಿನ ಮೊದಲಿಗೆ ಕಳಿಸಲು ಯಂತ್ರ ಬೇಡ, ಅನುದಾನ ಬೇಡ. ಕಿಟಕಿ ತೆರೆಯಲು ಮಂಜೂರಾತಿ ಬೇಡ. 1920ರಲ್ಲಿ ವಾನ್ಲೆಸವಾಡಿಯವರಿಗೆ ತಿಳಿದಿದ್ದ ಗಾಳಿ ಬೆಳಕಿನ ಬೆಲೆ ನಮಗೆ ಮರೆತದ್ದು ಹೇಗೆ?

ಸರ್ಕಾರಗಳಿಗೆ ನಮ್ಮ ಮಾತು ಚಿಕ್ಕದು. ಸಾಂಗ್ಲಿ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಕ್ಷಯ ಮತ್ತು ಎಚ್‌ಐವಿ ಅಧಿಕಾರಿಗಳು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ಗಡಿ ದಾಟಿ ಗುಳಿಗೆ ತರುವವರ ಪಟ್ಟಿ ನೋಡಲಿ. ಬಾರದವರನ್ನು ಗುಟ್ಟು ಕೆಡದಂತೆ ಹುಡುಕಲಿ.

ಖಾಸಗಿ ವೈದ್ಯರಿಗೆ: 2012ರಿಂದ ಪ್ರತಿಯೊಬ್ಬ ಕ್ಷಯರೋಗಿಯ ಮಾಹಿತಿ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅದರ ಜೊತೆಗೆ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿ.

ಕ್ಷಯ ಇಲ್ಲದಿದ್ದರೂ ಎಚ್‌ಐವಿ ಇರುವವರಿಗೆ ಮುಂಜಾಗ್ರತೆಯ ಗುಳಿಗೆ ಇದೆ. 'ಇಲ್ಲದ ಜಡ್ಡಿಗೆ ಔಷಧ ಯಾಕ್ರಿ?' ಎನ್ನುವವರಿಗೆ ಹೇಳುವುದಿಷ್ಟೇ. ನೀರು ಬರುವ ಮೊದಲೇ ಅಟ್ಟಕ್ಕೆ ಏರಿಸಿದ ಕಾಳು ಮಾತ್ರ ಉಳಿದದ್ದನ್ನು ಕೃಷ್ಣೆಯ ದಂಡೆಯವರು ಕಂಡಿದ್ದಾರೆ.

ಮುಂದಿನ ಸಲ ಗುಳಿಗೆ ತರಲು ಮಿರಜಕ್ಕೋ ಸಾಂಗ್ಲಿಗೋ ಅಥಣಿಗೋ ಹೋಗುವ ಅಕ್ಕಂದಿರೇ, ಅಣ್ಣಂದಿರೇ, ತೂಕ ನೋಡಿ ಎಂದು ನೀವೇ ಕೇಳಿ. ಕೆಮ್ಮು ನಿನ್ನೆಯದಾದರೂ ಹೇಳಿ. ಅವರು ಕೇಳದಿದ್ದರೂ ಹೇಳಿ.